ಹುಲುಗಪ್ಪನ ಬೋಟಿನ ಹಾರ್ನು

ಅವತ್ತು ಬೆಳಿಗ್ಗೆಯೂ ಹಾರ್ನ್ ಕೂಗಿತು.

ಪ್ವಾಂಯ್!

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಜಂಬವ್ವನ ಕೈ ತಪ್ಪಿ ರೊಟ್ಟಿಯ ಅಂಚು ಹರಿಯಿತು. ಹಿತ್ತಲಲ್ಲಿ ಎಮ್ಮೆ ಗೂಟ ಕೀಳುವ ಹಾಗೆ ಜಗ್ಗಿತು. ಜಂಬವ್ವ ಕೂತಲ್ಲಿಂದಲೇ ಒದರಿದಳು.

"ಏ ಗಂಗೋತ್ರಿ ಅಪ್ಪಾ! ಎಮ್ಮಿ ಬೆದರ್ತತಿ, ಹೊಡಿಬ್ಯಾಡ ಅಂದೀನಿಲ್ಲ!"

ಗಂಗೋತ್ರಿ ಅವರ ಮಗಳು. ಕಂಪ್ಲಿಗೆ ಕೊಟ್ಟಿದ್ದಾರೆ. ಜಂಬವ್ವನ ಗಂಡನ ಹೆಸರು ಹುಲುಗಪ್ಪ, ಆದರೆ ಹೆಂಡತಿ ಗಂಡನ ಹೆಸರು ಹಿಡಿಯುವ ಪದ್ಧತಿ ಅವರಲ್ಲಿಲ್ಲ. (ಬಯ್ಯುವುದಕ್ಕೆ ಪದ್ಧತಿಯ ಅಡ್ಡಿಯೇನೂ ಇಲ್ಲ.)

ಆ ಹಾರ್ನು ಲಾರಿಯದಲ್ಲ, ಟ್ರ್ಯಾಕ್ಟರಿನದೂ ಅಲ್ಲ. ಬೋಟಿನದು. ನದಿ ಹರಿಯುವುದು ಅತ್ತ ಕಂಪ್ಲಿಯಲ್ಲಿ. ಬೋಟು ನಿಂತಿದ್ದು ಇತ್ತ ಗಾದಿಗನೂರಿನ ಬೇವಿನ ಮರದ ಕೆಳಗೆ, ನಾಲ್ಕು ಸೈಜುಗಲ್ಲಿನ ಮೇಲೆ, ಮೈತುಂಬ ಅದಿರಿನ ಕೆಂಪು ಧೂಳು ಬಳಿದುಕೊಂಡು. ಅದರ ಮೇಲೆ ಇದುವರೆಗೆ ಬಿದ್ದ ನೀರೆಂದರೆ ಮಳೆಯದು, ಒಮ್ಮೆ ಜಂಬವ್ವ ಸಿಟ್ಟಿನಲ್ಲಿ ಎಸೆದ ಮುಸುರೆಯದು.

ಡ್ಯಾಮಿನ ಹಿನ್ನೀರಿನ ಹತ್ತಿರ ಯಾವುದೋ ರೆಸಾರ್ಟು ಮುಚ್ಚಿ, ಅದರ ಫೈಬರ್ ಬೋಟು ಹೊಸಪೇಟೆಯ ಗುಜರಿ ಅಂಗಡಿಗೆ ಬಂದು ಬೋರಲು ಬಿದ್ದಿತ್ತು. ಹಳೇ ಕಬ್ಬಿಣದ ಪಟ್ಟಿ ಹುಡುಕಲು ಹೋದ ಹುಲುಗಪ್ಪ ಪಟ್ಟಿ ಮರೆತು ಬೋಟು ತಂದ. ಜಂಬವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದಳು:

"ಮೋಟರ್ ಬೋಟು ಅಂದಿ. ಮೋಟರ್ ಎಲ್ಲೈತಿ?"

"ಮೋಟರ್ ಇಲ್ಲ."

"ತಳದಾಗ ಕೈ ಹೋಗೋವಷ್ಟು ತೂತು ಐತಿ. ಮೋಟರ್ ಇಲ್ಲ, ತಳ ಇಲ್ಲ. ಮತ್ತೇನು ತಂದಿ ನೀನು?"

"ಆಕಾರ ತಂದೀನಿ ಲೇ ಜಂಬೀ. ಆಕಾರ ಮಸ್ತ್ ಐತಿ ನೋಡು."

ಹುಲುಗಪ್ಪ ಸಂಡೂರಿನಲ್ಲಿ ಟಿಪ್ಪರ್ ಬಾಡಿ ಕಟ್ಟುವ ವೆಲ್ಡರ್. ಅದಿರು ಹೊರುವ ಟಿಪ್ಪರು. ಅವನ ಕಣ್ಣಿಗೆ ಹಗುರವಾದದ್ದೆಲ್ಲ ಮೋಸ. ಹಿಂದೊಮ್ಮೆ ಕಬ್ಬಿಣದ ತಗಡು ಬಿದ್ದು ಎಡಗಾಲು ಕುಂಟಾಗಿತ್ತು, ಕಬ್ಬಿಣದ ಮೇಲಿನ ಪ್ರೀತಿ ಮಾತ್ರ ನೆಟ್ಟಗೇ ಇತ್ತು. ಫೈಬರ್ ಬೋಟನ್ನು ಬೆರಳಿನಿಂದ ತಟ್ಟಿ ನೋಡಿ, "ಇದು ತಾಂಬಾಳದಂಗ ಐತಿ, ತಡಿಯಂಗಿಲ್ಲ" ಎಂದು ತೀರ್ಪು ಕೊಟ್ಟು ಜೀರ್ಣೋದ್ಧಾರಕ್ಕೆ ಇಳಿದ. ಸುತ್ತ ಟಿಪ್ಪರಿನ ಕಬ್ಬಿಣದ ಆ್ಯಂಗ್ಲರ್ ಕಟ್ಟಿದ. ಮೂತಿಗೆ ಹಳೇ ಲಾರಿಯ ಬಾನೆಟ್ಟು, ಹಿಂದೆ ಬಂಪರು, ಬಂಪರಿನ ಕೆಳಗೆ ರಬ್ಬರಿನ ಮಡ್‌ಫ್ಲ್ಯಾಪು (ಕೆಸರು ಹಾರಬಾರದಲ್ಲ), ಎರಡೂ ಕಡೆ ಕನ್ನಡಿ, ನಡುವೆ ಲಾರಿಯ ಸೀಟು, ಸ್ಟೇರಿಂಗ್. ಹಿಂಬದಿಗೆ ಕೆಂಪು ಬಣ್ಣದಲ್ಲಿ 'ಹಾರ್ನ್ ಸೌಂಡ್ ಮಾಡಿ' ಎಂದು ಬರೆಸಿದ. ಬ್ರೇಕ್ ಪೆಡಲೂ ಇತ್ತು. ಅದು ಯಾವುದಕ್ಕೂ ಜೋಡಿಸಿರಲಿಲ್ಲ.

"ಮತ್ತ ಯಾಕದು?" ಎಂದಿದ್ದಳು ಜಂಬವ್ವ.

"ಕಾಲಿಗೆ ಧೈರ್ಯ ಬೇಕಲ್ಲ."

ಎಲ್ಲಕ್ಕಿಂತ ಅವನಿಗೆ ಹೆಮ್ಮೆ ಆ ಹಾರ್ನಿನದು. ಹಿತ್ತಾಳೆಯ ಕೊಳವೆ, ತುದಿಗೆ ತೆಂಗಿನಕಾಯಿಯಷ್ಟು ದಪ್ಪದ ರಬ್ಬರ್ ಉಂಡೆ. ಹಿಂಡಿದರೆ ಅರ್ಧ ಊರಿಗೆ ಎಚ್ಚರ. ದಿನಾ ಬೆಳಿಗ್ಗೆ ರೊಟ್ಟಿ ತಟ್ಟೆ ಹಿಡಿದು ಬೋಟು ಹತ್ತಿ, ಲಾರಿ ಸೀಟಿನಲ್ಲಿ ಕೂತು, ಒಮ್ಮೆ ಪ್ವಾಂಯ್ ಅನ್ನಿಸದೆ ಅವನು ತುತ್ತು ಮುಟ್ಟುತ್ತಿರಲಿಲ್ಲ. ಚಹಾಕ್ಕೆ ಕರೆಯುವ ಸೊಕ್ಕು ಇದು ಎಂದು ಜಂಬವ್ವ ತೀರ್ಮಾನಿಸಿದ್ದಳು. ಹಾರ್ನಿಗೆ ಓಗೊಟ್ಟು ಚಹಾ ಒಯ್ಯುವವಳು ತಾನಲ್ಲ ಎಂದು ಆ ಹೊತ್ತಿನಲ್ಲಿ ಅಂಗಳಕ್ಕೆ ಕಾಲಿಡುವುದನ್ನೇ ಬಿಟ್ಟಿದ್ದಳು. ಬಯ್ಗುಳ ಮಾತ್ರ ಒಳಗಿಂದ ಹೋಗುತ್ತಿತ್ತು.

ಅವತ್ತೂ ಹಾಗೇ. ರೊಟ್ಟಿ ತಿಂದು ತಟ್ಟೆ ಇಡಲು ಅವನೇ ಒಳಗೆ ಬಂದ.

"ಲೇ ಜಂಬೀ, ನಾಳಿಗಿ ಒಂದು ರೊಟ್ಟಿ ಜಾಸ್ತಿ ಹಾಕು."

"ಹೊಟ್ಟಿ ಐತೋ, ಬೋಟಿನಂಗ ತಳ ಕಿತ್ತೈತೋ? ದಿನಾ ಒಂದು ಜಾಸ್ತಿ, ಒಂದು ಜಾಸ್ತಿ."

"ಬೋಟು ತಯಾರಾಗಲಿ. ಕಂಪ್ಲಿಯಿಂದ ಹಂಪಿಗೆ ನಿನ್ನ ನೀರಿನ ಮ್ಯಾಲೇ ಕರಕೊಂಡು ಹೋಗ್ತೀನಿ."

"ಬಸ್ ಐತಿ."

"ಬಸ್ಸಿನಾಗ ಎಲ್ಲಾರೂ ಹೋಗ್ತಾರ."

"ನಾನೂ ಎಲ್ಲಾರೊಳಗ ಒಬ್ಬಾಕಿ. ಮೊದಲು ಆ ಹಾರ್ನ್ ಬಿಚ್ಚು. ನಾಳಿಯಿಂದ ಹೊಡೆದಿ ಅಂದ್ರ ನೋಡು ಮತ್ತ!"

"ಆತು ಬಿಡು. ನಾಳಿಯಿಂದ ಹೊಡಿಯಾದಿಲ್ಲ" ಎಂದು ನಕ್ಕು ಹೊಸಪೇಟೆಗೆ ಬೋಲ್ಟು ತರಲು ಹೋದ. ಬಸ್ಸಿಳಿದು ಹೋಟೆಲಿನ ಬೆಂಚಿನ ಮೇಲೆ ಕೂತು ಚಹಾ ಹೇಳಿದನಂತೆ. ಚಹಾ ಬಂತು. ಅವನು ಏಳಲಿಲ್ಲ.

ಮರುದಿನದಿಂದ ಹಾರ್ನ್ ಕೂಗಲಿಲ್ಲ. ಹೆಂಡತಿಯ ಮಾತನ್ನು ಹುಲುಗಪ್ಪ ನಡೆಸಿಕೊಟ್ಟದ್ದು ಅದೊಂದೇ.

ಬೋಟನ್ನು ಗುಜರಿಗೇ ವಾಪಸು ಹಾಕಬೇಕೆಂದು ಜಂಬವ್ವ ಅತ್ತು ಮುಗಿಸುವ ಮೊದಲೇ ನಿಶ್ಚಯಿಸಿದ್ದಳು. ಅದನ್ನು ಕೆಡಿಸಿದ್ದು ಹನ್ನೊಂದನೇ ದಿನದ ಕಾಗೆ.

ಅಂದು ಎಡೆ. ಹುಲುಗಪ್ಪನಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ ಮಾಳಿಗೆಯ ಮೇಲಿಟ್ಟಿದ್ದರು: ಒಗ್ಗಾಣಿ, ಮಿರ್ಚಿ, ಎಣ್ಣೆಗಾಯಿ, ರೊಟ್ಟಿ, ಪಕ್ಕಕ್ಕೆ ಒಂದು ಕಟ್ಟು ಬೀಡಿ. ಕಾಗೆ ಬಂದು ಮುಟ್ಟುವವರೆಗೆ ನೆಂಟರು ಉಣ್ಣುವಂತಿಲ್ಲ. ವಡ್ಡಿನಿಂದ, ಸಂಡೂರಿನಿಂದ ಬಂದ ನೆಂಟರು ಬಿಸಿಲಲ್ಲಿ ಕೂತು ಆಕಾಶ ನೋಡುತ್ತಿದ್ದರು. ಕಾಗೆ ಇತ್ತು. ಬೇವಿನ ಮರದ ಕೊಂಬೆಯ ಮೇಲೆ ಆರಾಮಾಗಿ ಕೂತಿತ್ತು. ಬರಲಿಲ್ಲ. ಹೊತ್ತು ಹೋದಂತೆ ಹುಲುಗಪ್ಪನನ್ನು ನೆನೆದು ಬರುತ್ತಿದ್ದ ನಿಟ್ಟುಸಿರುಗಳು ಅಡುಗೆಮನೆಯ ಕಡೆ ತಿರುಗಿದವು.

ಮೊದಲು ಕಂಡುಹಿಡಿದವಳು ಪಕ್ಕದ ಮನೆಯ ಕೊಟ್ರಮ್ಮ.

"ಅದರ ಕಣ್ಣು ಎಲ್ಲೈತಿ ನೋಡ್ರಿ. ಬೋಟಿನ ಮ್ಯಾಲೆ!"

"ಕಾಲು ನೋಡ್ರಿ, ಕಾಲು!" ಎಂದು ಕೂಗಿದ ಹುಲುಗಪ್ಪನ ತಮ್ಮ ನಾಗಭೂಷಣ. "ಕುಂಟತತಿ!"

ಕಾಗೆ ನಿಜಕ್ಕೂ ಕುಂಟುತ್ತಿತ್ತು. ಅಂಗಳದಲ್ಲಿ ಒಮ್ಮೆಲೇ ಅಳು ಎದ್ದಿತು. ಹುಲುಗಪ್ಪನ ಜೊತೆ ವರ್ಕ್‌ಶಾಪಿನಲ್ಲಿದ್ದ ಫಿಟ್ಟರ್ ರಾಯಣ್ಣ ಮಾತ್ರ ಅನುಮಾನದ ಮನುಷ್ಯ.

"ಅಣ್ಣಂದು ಎಡಗಾಲು. ಇದರದು ಬಲಗಾಲು."

"ಎದುರಿಗೆ ಕುಂತೈತಲ್ಲೋ, ಅದಕ ಹಂಗ ಕಾಣ್ತತಿ" ಎಂದ ನಾಗಭೂಷಣ.

ರಾಯಣ್ಣ ಖಾತ್ರಿ ಮಾಡಿಕೊಳ್ಳಲು ಮರದ ಹಿಂದಕ್ಕೆ ಹೋದ. ಕಾಗೆಯೂ ಹಿಂದಕ್ಕೆ ತಿರುಗಿತು. ಅವನು ಮುಂದಕ್ಕೆ ಬಂದ. ಅದೂ ಮುಂದಕ್ಕೆ ತಿರುಗಿತು. ಕಾಲಿನ ವಿಚಾರ ಹಾಗೇ ಉಳಿಯಿತು.

ಎಡೆಯನ್ನು ಬೋಟಿನ ಬಾನೆಟ್ಟಿನ ಮೇಲಿಡುವುದೆಂದು ಠರಾವಾಯಿತು. ನಾಗಭೂಷಣ ದೊಡ್ಡ ಮೈಯ ಆಸಾಮಿ. ಎಲೆ ಹಿಡಿದು ಬೋಟು ಹತ್ತುವಾಗ ಸೈಜುಗಲ್ಲುಗಳು ನರಳಿದವು. ಎಲೆ ಇಟ್ಟ. ಕೈಮುಗಿದ. ಕಾಗೆ ಅಲ್ಲಾಡಲಿಲ್ಲ.

"ಅತ್ಗೆಮ್ಮಾ," ಎಂದ ಬೋಟಿನ ಮೇಲಿಂದಲೇ, "ಬೋಟು ನೀರಿಗೆ ಇಳಸ್ತೀನಿ ಅಂತ ಬಾಯಿಬಿಟ್ಟು ಹೇಳಿಬಿಡ್ರಿ. ಅಣ್ಣನ ಜೀವ ಇದ್ರಾಗ ಸಿಕ್ಕೊಂಡೈತಿ."

"ಇದು ಬಂದಾಗಿಂದ ನನ್ನ ಜೀವಾನೂ ಇದ್ರಾಗ ಸಿಕ್ಕೊಂಡೈತಿ. ನನಗ ಯಾರು ಎಡಿ ಇಡ್ತೀರಿ?"

"ಹಂಗನ್ನಬ್ಯಾಡ ತಂಗಿ," ಎಂದಳು ಕೊಟ್ರಮ್ಮ. "ಮಂದಿ ಹಸದಾರ."

ಜಂಬವ್ವ ಮರದ ಕಡೆ ನೋಡಿದಳು. ಅಲ್ಲಿ ಕೂತದ್ದು ಅವನಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಅವನೇ ಆಗಿದ್ದರೆ? ಹಸಿದು ಕೂತಿದ್ದರೆ? ಬಯ್ದಿದ್ದಳು, ನಿಜ. ದಿನಾ ಬಯ್ದಿದ್ದಳು. ಉಪವಾಸ ಕೆಡವಿರಲಿಲ್ಲ.

"ಆತು," ಎಂದಳು ಮರಕ್ಕೆ. "ನೀರಿಗೆ ಇಳಸ್ತೀನಿ. ಬಂದು ಉಣ್ಣು."

ಅದೇ ಗಳಿಗೆಗೆ ನಾಗಭೂಷಣನ ಕಾಲು ಜಾರಿತು. ಅವನ ಸಮಸ್ತ ಭಾರ ರಬ್ಬರ್ ಉಂಡೆಯ ಮೇಲೆ ಕೂತಿತು.

ಪ್ವಾಂಯ್!

ಕಾಗೆ ಬಾಣದಂತೆ ಇಳಿದು ಬಾನೆಟ್ಟಿನ ಮೇಲೆ ಕೂತಿತು. ಒಗ್ಗಾಣಿ, ಮಿರ್ಚಿ ಮೂಸಿಯೂ ನೋಡಲಿಲ್ಲ. ರೊಟ್ಟಿಯನ್ನು ಕಚ್ಚಿಕೊಂಡು ಹಾರಿಹೋಯಿತು.

"ಯಣ್ಣಾ! ನೀನೇ ಹಾರ್ನ್ ಹೊಡದ್ಯಲ್ಲೋ!" ಎಂದು ನಾಗಭೂಷಣ ಬೋಟಿನೊಳಗೇ ಬಿದ್ದು ಅತ್ತ. ಎಲ್ಲರೂ ಅತ್ತರು. ಅಳುತ್ತಲೇ ಕೈತೊಳೆದು ಪಂಕ್ತಿಗೆ ಕೂತರು. ಹಾರ್ನ್ ಹೊಡೆದದ್ದು ನಾಗಭೂಷಣನ ಕುಂಡೆ ಎಂದು ಯಾರೂ ಆಡಲಿಲ್ಲ. ಜಂಬವ್ವನೂ ಆಡಲಿಲ್ಲ. ಹಾರ್ನಿಗೆ ಹೊಸ ಅರಿವೆ ಸುತ್ತಿ ಗಂಟು ಹಾಕಿ, ಇನ್ನು ಇದನ್ನು ಯಾರೂ ಮುಟ್ಟಬಾರದು ಎಂದಳು.

ಹೇಳಿಕೆ ಹೇಳಿಕೆಯೇ. ಊರ ಮುಂದೆ, ಕಾಗೆಯ ಮುಂದೆ ಆಡಿದ ಮಾತು. ಬೋಟು ನೀರು ಕಾಣದಿದ್ದರೆ ಹುಲುಗಪ್ಪ ಬೇವಿನ ಮರದಲ್ಲೇ ಉಳಿದ ಹಾಗೆ. ಜಂಬವ್ವ ರಾಯಣ್ಣನನ್ನು ಕರೆಸಿದಳು.

ರಾಯಣ್ಣ ಬಂದವನೇ ಮನೆಯನ್ನೊಂದು ಸುತ್ತು ಕಣ್ಣಲ್ಲಿ ಅಳೆದ. ಅವನು ನೋಡಿದ ವಸ್ತುವೆಲ್ಲ ಒಂದೊಂದಾಗಿ ಬೋಟು ಸೇರಿತು. ಬಾವಿಯ ಡೀಸೆಲ್ ಎಂಜಿನ್ನು ಮೋಟರಾಯಿತು. ಬಚ್ಚಲುಮನೆಯ ತಗಡು ತಳಕ್ಕೆ ಹೋಯಿತು. ಕಬ್ಬಿಣದ ಮಂಚದ ಕಾಲು ಎಂಜಿನ್ನಿಗೆ ಆಸರೆಯಾದವು. ಜಂಬವ್ವನಿಗೆ ನೆಲವೇ ಆಸರೆಯಾಯಿತು. ಹಿಂದೆ ನೀರಿನೊಳಗೆ ತಿರುಗುವ ರೆಕ್ಕೆ ಎಲ್ಲೂ ಸಿಗದೆ, ಲಾರಿಯ ರೇಡಿಯೇಟರ್ ಫ್ಯಾನು ತಂದು ಸಿಕ್ಕಿಸಿದ.

"ಇದು ಗಾಳಿ ಬೀಸೋದಲ್ಲೋ ರಾಯಣ್ಣ?"

"ಅಕ್ಕಾ, ಇಷ್ಟು ದಿನ ನೀರಿನ ಮುಂದ ನಿಂತು ಗಾಳಿ ಬೀಸೇತಿ. ಇನ್ನು ಗಾಳಿ ಮುಂದ ನಿಂತು ನೀರು ಬೀಸ್ತತಿ. ಅಷ್ಟ ಫರಕು."

ತೂತು ಮುಚ್ಚಿದ್ದು ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುವ ಕ್ರಮವೂ ರಾಯಣ್ಣನದೇ. ನೀರಿನ ಟ್ಯಾಂಕರ್ ರಿಪೇರಿ ಮಾಡಿದ ಕೈ. ಬೋಟಿನೊಳಗೆ ನೀರು ತುಂಬಿಸಬೇಕು. ಎಲ್ಲಿಂದ ಹೊರಗೆ ಬರುತ್ತದೋ ಅಲ್ಲಿ ತೂತು. ಜಂಬವ್ವ ನಲ್ಲಿಯಿಂದ ಕೊಡ ಹೊತ್ತು ಹೊತ್ತು ಬೋಟು ತುಂಬಿಸಿದಳು. ಸೊಂಟ ಬಿತ್ತು. ಹನಿ ಹೊರಗೆ ಬರಲಿಲ್ಲ. ಎಮ್ಮೆ ಬಂದು ಹೊಟ್ಟೆತುಂಬ ಕುಡಿದು ಹೋಯಿತು.

"ಒಳಗಿನ ನೀರು ಹೊರಗ ಬರಲಿಲ್ಲ ಅಂದ್ರ, ಹೊರಗಿನ ನೀರು ಒಳಗ ಹೆಂಗ ಬರ್ತತಿ?" ಎಂದ ರಾಯಣ್ಣ. ಬೋಟು ಪಾಸಾಯಿತು.

ಒಂದು ಬೆಳಿಗ್ಗೆ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಮಹಾನೌಕೆ ಕಂಪ್ಲಿಗೆ ಹೊರಟಿತು. ಹತ್ತು ಮಂದಿ ಎತ್ತಿದರೂ ಅಲ್ಲಾಡದೆ, ಕೊನೆಗೆ ಚೈನ್ ಹಾಕಿ ಎಳೆದು ಏರಿಸಿದ್ದರು. ಇಷ್ಟು ಭಾರದ್ದು ಗಟ್ಟಿ ಇರಲೇಬೇಕು ಎಂದು ನಾಗಭೂಷಣ ಖುಷಿಪಟ್ಟ. ದಾರಿಯಲ್ಲಿ ಹಿಂದೆ ಬಂದ ಅದಿರಿನ ಲಾರಿಗಳೆಲ್ಲ 'ಹಾರ್ನ್ ಸೌಂಡ್ ಮಾಡಿ' ಎಂಬುದನ್ನು ಓದಿ ಚಾಚೂ ತಪ್ಪದೆ ಪಾಲಿಸಿದವು. ಒಬ್ಬ ಡ್ರೈವರು ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿದ.

"ಅಕ್ಕಾ, ಪ್ರವಾಹ ಬರ್ತತೇನ್ರಿ?"

"ನಮ್ಮ ಮನಿಗೆ ಬಂದು ಹೋತಪ್ಪ. ನೀ ಮುಂದ ನಡಿ" ಎಂದಳು ಜಂಬವ್ವ.

ಕಂಪ್ಲಿಯ ಹೊಳೆದಂಡೆಗೆ ಮಗಳು ಗಂಗೋತ್ರಿ ಬಂದಿದ್ದಳು, ಊಟದ ಬುತ್ತಿ ಹಿಡಿದುಕೊಂಡು. ಹರಿಗೋಲು ನಡೆಸುವ ಮುದುಕನೊಬ್ಬ ಎಲೆಅಡಿಕೆ ಜಗಿಯುತ್ತ ಕೂತಿದ್ದ. ಬೋಟು ನೋಡಿದವನು ಜಗಿಯುವುದನ್ನು ಮರೆತ.

ಹೊಸ ಗಾಡಿಯ ಪೂಜೆ ಎಂದರೆ ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕು. ಬೋಟಿಗೆ ಗಾಲಿಯಿಲ್ಲ. ನಾಗಭೂಷಣ ಯೋಚಿಸಿ ಟ್ರೇಲರಿನ ಗಾಲಿಗೆ ಇಟ್ಟ. (ದೇವರ ಕೃಪೆಯೆಲ್ಲ ಟ್ರೇಲರಿಗೆ ಹೋಯಿತು. ಆಮೇಲೆ ನಡೆದ ಗದ್ದಲದಲ್ಲಿ ಅದಕ್ಕೊಂದಕ್ಕೇ ಏನೂ ಆಗಲಿಲ್ಲ.)

ಟ್ರ್ಯಾಕ್ಟರು ಹಿಮ್ಮುಖವಾಗಿ ನೀರಿಗೆ ಇಳಿಯಿತು. ಲಾರಿ ಸೀಟಿನಲ್ಲಿ ಜಂಬವ್ವ, ಪಕ್ಕದಲ್ಲಿ ನಾಗಭೂಷಣ, ಹಿಂದೆ ಎಂಜಿನ್ನಿನ ಹತ್ತಿರ ರಾಯಣ್ಣ. ಹಗ್ಗ ಬಿಚ್ಚಿದರು. ಬೋಟು ಜಾರಿತು, ನೀರು ಮುಟ್ಟಿತು, ಒಂದು ಉಸಿರಿನಷ್ಟು ಹೊತ್ತು ನಿಂತಿತು.

"ತೇಲ್ತು! ಅಣ್ಣಾ, ತೇಲ್ತು!" ಎಂದ ನಾಗಭೂಷಣ.

ಆಮೇಲೆ ಎಮ್ಮೆ ಕೆರೆಯಲ್ಲಿ ಕೂರುವ ಹಾಗೆ, ಅವಸರವಿಲ್ಲದೆ, ಬೋಟು ಕೂತಿತು. ನೀರು ನಾಲ್ಕೂ ಕಡೆಯಿಂದ ಅಂಚು ದಾಟಿ ಒಳಗೆ ಬಂತು. ರಾಯಣ್ಣ ಗಾಬರಿಗೆ ಎಂಜಿನ್ ಚಾಲೂ ಮಾಡಿದ. ಫ್ಯಾನು ತಿರುಗಿ, ತಳದ ಕೆಸರನ್ನೆಲ್ಲ ಎತ್ತಿ, ಮಡ್‌ಫ್ಲ್ಯಾಪನ್ನು ಲೆಕ್ಕಿಸದೆ ದಂಡೆಯ ಮೇಲಿನವರಿಗೆ ತಲೆಯಿಂದ ಕಾಲವರೆಗೆ ಬಳಿಯಿತು. ಊಟದ ಬುತ್ತಿಗೂ ಬಳಿಯಿತು. ಜಂಬವ್ವ ಎರಡೂ ಕಾಲಿನಿಂದ ಬ್ರೇಕ್ ಒತ್ತಿದಳು. ಕಾಲಿಗೆ ಧೈರ್ಯ ಬಂತು. ಬೋಟು ಇಳಿಯುತ್ತಲೇ ಇತ್ತು.

"ನನಗ ಈಜು ಬರಾದಿಲ್ಲ! ಉಳಿಸ್ರೀ!" ಎಂದು ನಾಗಭೂಷಣ ಹೊರಕ್ಕೆ ಹಾರಿದ. ಹಾರಿ, ಎದ್ದು ನಿಂತ. ನೀರು ತೊಡೆಗೆ ಬಂತು. ನಿಂತುಕೊಂಡೇ ಇನ್ನೊಮ್ಮೆ "ಉಳಿಸ್ರೀ" ಎಂದ, ಸ್ವಲ್ಪ ಸಣ್ಣ ದನಿಯಲ್ಲಿ.

ಬೇಸಿಗೆಯ ಹೊಳೆ. ಬೋಟು ಮುಳುಗಲಿಲ್ಲ, ಮುಳುಗುವಷ್ಟು ನೀರೇ ಇರಲಿಲ್ಲ. ತಳ ಉಸುಕಿಗೆ ಹತ್ತಿ ನಿಂತುಬಿಟ್ಟಿತು. ಜಂಬವ್ವ ಸೊಂಟಮಟ್ಟದ ನೀರಿನಲ್ಲಿ ಸೀಟು ಬಿಡದೆ ಸ್ಟೇರಿಂಗ್ ಹಿಡಿದು ಕೂತಿದ್ದಳು. ಎದುರಿಗೆ ಹಂಪಿಯ ಕಡೆಯಿಂದ ಹೊಳೆ ಬಂಡೆ ಸುತ್ತಿಕೊಂಡು ಬರುತ್ತಿತ್ತು. ಪಕ್ಕದ ಕನ್ನಡಿಯಲ್ಲಿ ನೋಡಿದಳು. ಅದರಲ್ಲಿ ರಾಯಣ್ಣ ಕಂಡ.

"ಯವ್ವಾ, ಇಳಿಯೇ!" ಎಂದು ಗಂಗೋತ್ರಿ ದಂಡೆಯಿಂದ ಅತ್ತಳು. "ಮುಳುಗಿತಲ್ಲೇ!"

"ನೀರಿಗೆ ಇಳಸ್ತೀನಿ ಅಂದಿದ್ದೆ. ಇಳಿಸೀನಿ. ತೇಲಸ್ತೀನಿ ಅಂದಿರಲಿಲ್ಲ." ಜಂಬವ್ವ ಸೆರಗು ಹಿಂಡಿದಳು. ಆಮೇಲೆ ಪಕ್ಕದ ಖಾಲಿ ಜಾಗಕ್ಕೆ ಮೆಲ್ಲಗೆ ಅಂದಳು, "ಬಸ್ ಐತಿ ಅಂದಿದ್ನಿಲ್ಲ?"

'ಆಕಾರ ಮಸ್ತ್ ಐತಿ' ಎಂದು ಯಾರೂ ಅನ್ನಲಿಲ್ಲ. ಆಗ ಮಾತ್ರ ಅವಳಿಗೆ ಅಳು ಬಂತು. ಮುಖ ಹೇಗೂ ಒದ್ದೆಯಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಮುದುಕ ಹರಿಗೋಲು ತಂದು ಅವಳನ್ನು ಕೂರಿಸಿಕೊಂಡ. ಬುಟ್ಟಿ ಗಿರಗಿರನೆ ತಿರುಗುತ್ತ, ಹಗುರಾಗಿ ದಂಡೆ ಸೇರಿತು.

ಬೋಟನ್ನು ಅಲ್ಲೇ ಬಿಡೋಣ ಎಂದರು ಎಲ್ಲರೂ. ಜಂಬವ್ವ ಒಪ್ಪಲಿಲ್ಲ. ಅದರಲ್ಲಿ ಅವಳ ಬಚ್ಚಲಿನ ತಗಡಿತ್ತು, ಮಂಚದ ಕಾಲಿತ್ತು. ಸಂಜೆಯೊಳಗೆ ಬೋಟು ಚೈನಿನಿಂದ ಎಳೆಸಿಕೊಂಡು, ಸೋರುತ್ತ, ಮತ್ತೆ ಗಾದಿಗನೂರಿನ ಸೈಜುಗಲ್ಲಿನ ಮೇಲೆ ಕೂತಿತು.

ಮಾರನೇ ಬೆಳಿಗ್ಗೆ ಅವಳು ಪೊರಕೆ, ಬಕೀಟು ಹಿಡಿದು ಬೋಟು ಹತ್ತಿದಳು. ಉಸುಕು ಬಳಿದಳು. ಸೀಟು ಒರೆಸಿದಳು. ಹಾರ್ನಿಗೆ ಕಟ್ಟಿದ ಅರಿವೆ ತೊಯ್ದು ತೊಪ್ಪೆಯಾಗಿತ್ತು, ಬಿಚ್ಚಿದಳು. ರಬ್ಬರ್ ಉಂಡೆಯೊಳಗೆ ಹೊಳೆಯ ನೀರು ಕುಲುಕಿತು. ನೀರು ನಿಂತರೆ ಹಿತ್ತಾಳೆ ಕಿಲುಬು ಹಿಡಿಯುತ್ತದೆ. ಎರಡೂ ಕೈಯಿಂದ ಹಿಂಡಿದಳು.

ಬುಳ್... ಬುಳ್... ಪ್ವಾಂಯ್!

ಬೇವಿನ ಮರದಿಂದ ಕುಂಟ ಕಾಗೆ ಇಳಿದು ಬಾನೆಟ್ಟಿನ ಮೇಲೆ ಕೂತಿತು.

ಜಂಬವ್ವ ಉಂಡೆಯಿಂದ ಕೈ ತೆಗೆದಳು. ಕಾಗೆ ಅವಳ ಮುಖ ನೋಡಲಿಲ್ಲ. ಕೈ ನೋಡಿತು. ಒಂದು ಕೈ ನೋಡಿ, ಇನ್ನೊಂದು ಕೈ ನೋಡಿ, ಬಾಯಿ ತೆರೆಯಿತು.

"ಹುಶ್!" ಎಂದಳು. ಹಾರಿ ಮರಕ್ಕೆ ಹೋಯಿತು. ಮತ್ತೆ ಹಿಂಡಿದಳು. ಪ್ವಾಂಯ್! ಮತ್ತೆ ಬಂತು. ಮತ್ತೆ ಬಾಯಿ ತೆರೆಯಿತು. ಬಾನೆಟ್ಟನ್ನು ಕೊಕ್ಕಿನಿಂದ ಎರಡು ಸಲ ಕುಟ್ಟಿ, 'ಏನು ತಡ?' ಎನ್ನುವ ಹಾಗೆ ಕುತ್ತಿಗೆ ಓರೆ ಮಾಡಿತು.

ಲೇ ಜಂಬೀ, ನಾಳಿಗಿ ಒಂದು ರೊಟ್ಟಿ ಜಾಸ್ತಿ ಹಾಕು.

ಅವಳು ಲಾರಿ ಸೀಟಿನಲ್ಲಿ ದೊಪ್ಪನೆ ಕೂತಳು. ಚಹಾಕ್ಕಲ್ಲ. ಅವನು ಹಾರ್ನ್ ಹೊಡೆಯುತ್ತಿದ್ದದ್ದು ಚಹಾಕ್ಕಲ್ಲ. ಒಂದು ದಿನ, ಒಂದೇ ಒಂದು ದಿನ ಬಯ್ಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದರೆ, ಅವನ ಕೈಯ ರೊಟ್ಟಿಗೆ ಕಾಗೆ ಇಳಿಯುವುದು ಕಾಣುತ್ತಿತ್ತು. ಅಷ್ಟು ನೆಂಟರ ಅಳು, ಎಂಜಿನ್ನು, ತಗಡು, ಮಂಚದ ಕಾಲು, ಕಂಪ್ಲಿಯ ಹೊಳೆ, ನಾಗಭೂಷಣನ ಜಲಸಮಾಧಿ... ಕಾಗೆ ಕೇಳಿದ್ದು ಒಂದು ರೊಟ್ಟಿ. ಮಾಳಿಗೆಯ ಮೇಲೆ ಮೊದಲೇ ಇತ್ತು ಅದು. ಹಾರ್ನ್ ಹೊಡೆಯುವವರು ಇರಲಿಲ್ಲ, ಅಷ್ಟೇ.

ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಬೋಟು ಅಲ್ಲಾಡುವ ಹಾಗೆ. ಕಾಗೆ ಎರಡು ಹೆಜ್ಜೆ ಹಿಂದೆ ಸರಿಯಿತು. ಗೋಡೆಯಾಚೆಯಿಂದ ಕೊಟ್ರಮ್ಮ ತಲೆ ಎತ್ತಿದಳು.

"ಏನಾತ ತಂಗಿ? ಹುಲುಗಪ್ಪಣ್ಣಗ ಶಾಂತಿ ಸಿಕ್ತಾ?"

"ಸಿಕ್ತು," ಎಂದಳು ಜಂಬವ್ವ ಕಣ್ಣೊರೆಸಿಕೊಂಡು. "ನಾಷ್ಟಾ ಒಂದು ಬಾಕಿ ಐತಿ."

ನಿಜ ಸಂಗತಿಯನ್ನು ಅವಳು ಯಾರಿಗೂ ಹೇಳಿಲ್ಲ. ಬಚ್ಚಲಿಗೆ ತಗಡು ವಾಪಸು ಬಂದಿದೆ, ಮಂಚಕ್ಕೆ ಕಾಲು ಬಂದಿವೆ. ಬೋಟು ಅಲ್ಲೇ ಇದೆ. ಗುಜರಿಯವನು ಎರಡು ಸಲ ಬಂದು ಕೇಳಿ, ಎರಡು ಸಲವೂ ಬಯ್ಸಿಕೊಂಡು ಹೋದ. ಕಾಗೆ ಕಾಗೆಯೇ, ಅದರ ಮೇಲೆ ಅವಳಿಗೆ ಯಾವ ಭ್ರಮೆಯೂ ಇಲ್ಲ. ಕುಂಟುವುದು ಬಲಗಾಲೇ ಎಂದೂ ನೋಡಿಕೊಂಡಿದ್ದಾಳೆ.

ಬೆಳಿಗ್ಗೆ ಎದ್ದು ಅವಳು ಒಲೆ ಹಚ್ಚುತ್ತಾಳೆ. ತನಗೆ ಬೇಕಾದಷ್ಟು ರೊಟ್ಟಿ ಬಡಿದು, ಒಂದು ಜಾಸ್ತಿ ಬಡಿಯುತ್ತಾಳೆ. ತಟ್ಟೆ ಹಿಡಿದು ಬೋಟು ಹತ್ತಿ, ಕನ್ನಡಿಯ ಮೇಲಿನ ಕೆಂಪು ಧೂಳು ಸೆರಗಿನಿಂದ ಒರೆಸಿ, ಸೀಟಿನಲ್ಲಿ ಕೂತು ರಬ್ಬರ್ ಉಂಡೆ ಹಿಂಡುತ್ತಾಳೆ.

ಪ್ವಾಂಯ್!

"ಏ ಜಂಬವ್ವಾ!" ಎಂದು ಕೊಟ್ರಮ್ಮ ಪಕ್ಕದ ಮನೆಯೊಳಗಿಂದಲೇ ಒದರುತ್ತಾಳೆ. "ಎಮ್ಮಿ ಬೆದರ್ತತಿ, ಹೊಡಿಬ್ಯಾಡ ಅಂದೀನಿಲ್ಲ! ನಾಳಿಯಿಂದ ಹೊಡೆದಿ ಅಂದ್ರ ನೋಡು ಮತ್ತ!"

'ಆತು ಬಿಡು' ಎಂಬ ಮಾತು ಜಂಬವ್ವನ ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಳ್ಳುತ್ತಾಳೆ.

"ನಾಳಿಗೂ ಹೊಡಿತೀನಿ," ಎಂದು ಕೂಗಿ, ರೊಟ್ಟಿ ಮುರಿಯುತ್ತಾಳೆ.